ಕಪ್ಪು ಪರದೆಯ ಗತ್ತು

ಸಾಫ್ಟ್‌ವೇರ್ ಕಚೇರಿಗಳಲ್ಲೂ ಮಡಿ-ಮೈಲಿಗೆ ಉಂಟು. ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟುವವರು ಮಡಿ, ಮೌಸ್ ಹಿಡಿದು ಬಟನ್ ಒತ್ತುವವರು ಮೈಲಿಗೆ. ಹೊಸದಾಗಿ ಸೇರಿದ ಹುಡುಗಿ, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಅನ್ನು ಬಟನ್‌ಗಳಲ್ಲೇ ನಡೆಸುತ್ತಿದ್ದರೆ ಹಿಂದೆ ನಿಂತ ಹಿರಿಯರಿಗೆ ಸಣ್ಣ ನಗು: ‘ಟರ್ಮಿನಲ್ ಬರಲ್ವಾ?’

ಈ ಗತ್ತಿನ ಮೂಲ ಹುಡುಕಿ ಹೊರಟರೆ ಸಿಗುವುದು ಯಂತ್ರದ ಬಡತನ. 1970ರ ಆಸುಪಾಸಿನಲ್ಲಿ ಬೆಲ್ ಲ್ಯಾಬ್ಸ್‌ನವರು ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟಿದ್ದು ಬಹುಮಟ್ಟಿಗೆ ಟೆಲಿಟೈಪ್ ಮುಂದೆ ಕೂತು. ಅದು ಕಾಗದದ ಮೇಲೆ ಸೆಕೆಂಡಿಗೆ 10 ಅಕ್ಷರ ಅಚ್ಚೊತ್ತುತ್ತಿತ್ತು, ಕೀಲಿಗಳೋ ಬಲು ಬಿಗಿ. ಅಂಥಲ್ಲಿ ಉದ್ದದ ಹೆಸರು ಯಾರಿಗೆ ಬೇಕು? ಪಟ್ಟಿ ತೋರಿಸಲು ಎಲ್‌ಎಸ್, ನಕಲಿಗೆ ಸಿಪಿ, ಜಾಗ ಬದಲಿಸಲು ಎಂವಿ. ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1981ರಲ್ಲಿ ಡೇಟಾಮೇಷನ್ ಪತ್ರಿಕೆಯಲ್ಲಿ ಈ ಹೆಸರುಗಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದರು. ಹೆಸರುಗಳು ಮಾತ್ರ ಕದಲಲಿಲ್ಲ.

ಹಾಗೆಂದು ಕಮಾಂಡ್ ಉಳಿದುಕೊಂಡದ್ದು ಬರೀ ಗತ್ತಿನಿಂದಲ್ಲ. ಬೆಲ್ ಲ್ಯಾಬ್ಸ್‌ನವರೇ ಆದ ಡಗ್ ಮೆಕಿಲ್‌ರಾಯ್ ಅವರ ಒತ್ತಾಯಕ್ಕೆ 1973ರಲ್ಲಿ ಯುನಿಕ್ಸ್‌ಗೆ ಪೈಪ್ ಬಂತು. ಒಂದು ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದು ನೇರವಾಗಿ ತೆಗೆದುಕೊಳ್ಳತೊಡಗಿತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕಮಾಂಡ್ ಎಂದರೆ ಬರಹ. ಸಹೋದ್ಯೋಗಿಗೆ ಕಳುಹಿಸಬಹುದು, ಫೈಲಿನಲ್ಲಿಟ್ಟು ನಡುರಾತ್ರಿ ತಾನಾಗಿಯೇ ನಡೆಯುವಂತೆ ಮಾಡಬಹುದು, ಆರು ತಿಂಗಳ ಮೇಲೆ ಏನು ಮಾಡಿದ್ದೆವೆಂದು ಓದಬಹುದು. ಕ್ಲಿಕ್ಕಿಗೆ ಈ ಭಾಗ್ಯವಿಲ್ಲ. ‘ಮೇಲೆ ಬಲಗಡೆ ಮೂರನೇ ಬಟನ್ ಒತ್ತಿ’ ಎಂದು ಬರೆದಿಟ್ಟರೆ ಮುಂದಿನ ಆವೃತ್ತಿಯಲ್ಲಿ ಆ ಬಟನ್ನೇ ಇರುವುದಿಲ್ಲ. ಮತ್ತೆ ಮತ್ತೆ ಮಾಡಬೇಕಾದ, ಇನ್ನೊಬ್ಬರಿಗೆ ಒಪ್ಪಿಸಬೇಕಾದ ಕೆಲಸಕ್ಕೆ ಟರ್ಮಿನಲ್ಲೇ ಸರಿ.

ನೋಡಿ ತೀರ್ಮಾನಿಸುವ ಕೆಲಸದ ಮಾತು ಬೇರೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದ್ದಾರೆ, ಯಾವುದನ್ನು ಉಳಿಸಬೇಕು? ಎರಡನ್ನೂ ಅಕ್ಕಪಕ್ಕ ಬಣ್ಣದಲ್ಲಿ ತೋರಿಸುವ ಕಿಟಕಿ ಇರುವಾಗ ಕಣ್ಣಿಗೆ ಶಿಕ್ಷೆ ಏಕೆ? ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು 2005ರಲ್ಲಿ. ಕವಲೊಡೆದ ಅದರ ಇತಿಹಾಸವನ್ನು ಚಿತ್ರವಾಗಿ ತೋರಿಸುವ ಗಿಟ್‌ಕೆ ಬಂದದ್ದೂ ಅದೇ ವರ್ಷ; ಬರೆದವರು ಲಿನಕ್ಸ್ ಕರ್ನಲ್‌ನಲ್ಲೇ ಪಳಗಿದ ಪಾಲ್ ಮ್ಯಾಕೆರಾಸ್. ಕರ್ನಲ್ ಬರೆಯುವವರಿಗೇ ಇಲ್ಲದ ಮಡಿ ನಮಗೇಕೋ!

ಕನ್ನಡದ ಪಠ್ಯ ಇಟ್ಟುಕೊಂಡು ಕೆಲಸ ಮಾಡುವವರಿಗಂತೂ ಆಯ್ಕೆಯೇ ಕಡಿಮೆ. ಟರ್ಮಿನಲ್ ಪರದೆಯನ್ನು ಸಮ ಅಳತೆಯ ಚೌಕಗಳಾಗಿ ಹೆಚ್ಚಿಡುತ್ತದೆ. ಇಂಗ್ಲಿಷಿನ ಅಕ್ಷರ ಒಂದೊಂದರಲ್ಲಿ ತೆಪ್ಪಗೆ ಕೂರುತ್ತದೆ. ನಮ್ಮ ಒತ್ತು ಕೆಳಗಿಳಿಯಬೇಕು, ದೀರ್ಘ ಪಕ್ಕಕ್ಕೆ ಚಾಚಬೇಕು. ಅನೇಕ ಟರ್ಮಿನಲ್‌ಗಳಲ್ಲಿ ‘ರಾಷ್ಟ್ರ’ ಎಂಬುದು ಇಂದಿಗೂ ಚೂರುಚೂರಾಗಿಯೇ ಕಾಣುತ್ತದೆ. ಲಕ್ಷ ಸಾಲುಗಳಲ್ಲಿ ಒಂದು ಪದ ಹುಡುಕಲು ಗ್ರೆಪ್ ಕಮಾಂಡ್ ಕಣ್ಣು ಮಿಟುಕಿಸುವಷ್ಟು ಹೊತ್ತನ್ನೂ ಕೇಳದು. ಸಿಕ್ಕ ಸಾಲಿನ ಕಾಗುಣಿತ ಸರಿಯಿದೆಯೇ ಎಂದು ನೋಡಲು ಮಾತ್ರ ಎಡಿಟರ್ ಕಿಟಕಿಯನ್ನೇ ತೆರೆಯಬೇಕು.