ಬಂದ ಪುಟ್ಟ, ಹೋದ ಪುಟ್ಟ

ಕಳೆದ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಬಾಸ್ಟನ್ನಿನಿಂದ ಹೊರಟು ಮೂವತ್ತೈದು ದಿನ ಹಡಗಿನಲ್ಲಿ ತಿರುಗಿ ಬಂದೆವೆಂಬ ಸುದ್ದಿ ಕೂಟದಲ್ಲಿ ಹಬ್ಬಿದ ಮೇಲೆ, ಎದುರಾದವರೆಲ್ಲ ಕೇಳಿದ ಪ್ರಶ್ನೆಗಳು ಎರಡೇ. ‘ಸಸ್ಯಾಹಾರ ಸಿಕ್ಕಿತೇ?’ ‘ತಲೆ ಸುತ್ತಲಿಲ್ಲವೇ?’ ಸಿಕ್ಕಿತು, ಸುತ್ತಲಿಲ್ಲ. ಸಂಪಾದಕರು ಒಂದು ಪ್ರವಾಸ ಕಥನ ಬರೆದುಕೊಡಿ ಎಂದರು. ಆದರೆ ಹಿಮದ ಬೆಟ್ಟಗಳನ್ನು ನನಗಿಂತ ಚೆನ್ನಾಗಿ ವರ್ಣಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಫೋಟೋ ಕೊಡೋಣವೆಂದರೆ ಈ ಜೆರಾಕ್ಸ್ ಪುಟದಲ್ಲಿ ಹಿಮವೂ ಕಪ್ಪಾಗಿಯೇ ಬರುತ್ತದೆ! ಅದರ ಬದಲು, ಪ್ರಯಾಣದುದ್ದಕ್ಕೂ ನನ್ನನ್ನು ಕಾಡಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ದುಡ್ಡು ಕೊಟ್ಟು ಒಂದು ಊರನ್ನು ನೋಡಲು ಹೋದವನಿಗೆ ಆ ಊರಿನ ಋಣವೆಂಬುದು ಇರುತ್ತದೆಯೇ? ಇದ್ದರೆ, ಅದು ಯಾವ ಬಗೆಯ ಋಣ?

ನಮ್ಮ ಹಡಗು ನಿಂತದ್ದು ನ್ಯೂಫೌಂಡ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡುಗಳ ಸಣ್ಣ ಸಣ್ಣ ಬಂದರುಗಳಲ್ಲಿ. ಬೆಳಿಗ್ಗೆ ಎಂಟಕ್ಕೆ ಲಂಗರು, ಮಧ್ಯಾಹ್ನ ಮೂರಕ್ಕೆ ಕೊನೆಯ ದೋಣಿ. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ನನೋರ್ತಾಲಿಕ್ ಎಂಬ ಊರಿನ ಹೆಸರಿಗೆ ‘ಹಿಮಕರಡಿಗಳಿರುವ ಜಾಗ’ ಎಂದರ್ಥ. ಅಲ್ಲಿನ ಜನಸಂಖ್ಯೆ ಸುಮಾರು 1,100. ನಮ್ಮ ಹಡಗಿನಲ್ಲಿ ಪ್ರಯಾಣಿಕರೇ ಅದಕ್ಕಿಂತ ಹೆಚ್ಚು. ಊರಿಗಿಂತ ದೊಡ್ಡ ನೆಂಟರ ಗುಂಪೊಂದು ಊರಿನೊಳಗೆ ಇಳಿದು, ಬಣ್ಣಬಣ್ಣದ ಮರದ ಮನೆಗಳ ನಡುವೆ ಅಡ್ಡಾಡಿ, ಊಟದ ಹೊತ್ತಿಗೆ ಹಡಗಿಗೆ ಮರಳುತ್ತದೆ. ನಮ್ಮಲ್ಲಿ ಇದಕ್ಕೆ ಸರಿಯಾದ ಮಾತೇ ಇದೆಯಲ್ಲ: ಬಂದ ಪುಟ್ಟ, ಹೋದ ಪುಟ್ಟ.

ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿರಿಯರು ಹೇಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವನಿಗೆ ಇದ್ದುದರಲ್ಲೇ ಬಡಿಸುವುದು ಗೃಹಸ್ಥನ ಧರ್ಮ. ನಾವಾದರೋ ಬರುವ ತಿಥಿ, ವಾರ, ಗಳಿಗೆ ಎಲ್ಲವನ್ನೂ ಬಹಳ ಮೊದಲೇ ಅಚ್ಚು ಹಾಕಿಸಿಕೊಂಡು ಹೋದವರು. ಹಾಗಾಗಿ ನಾವು ಅತಿಥಿಗಳಲ್ಲ. ಹಾಗಾದರೆ ಬರೀ ಗಿರಾಕಿಗಳೇ?

ಹೌದು, ಗಿರಾಕಿಗಳೇ ಎನ್ನುವ ವಾದವೊಂದಿದೆ. ಹಡಗಿನಲ್ಲಿ ನಮ್ಮ ಊಟದ ಮೇಜಿಗೆ ಬರುತ್ತಿದ್ದ, ನಿವೃತ್ತ ಲೆಕ್ಕಪರಿಶೋಧಕರೊಬ್ಬರು ಅದನ್ನು ಸೊಗಸಾಗಿ ಮಂಡಿಸಿದರು. ಟಿಕೆಟ್ಟಿನಲ್ಲೇ ಬಂದರಿನ ಶುಲ್ಕ ಸೇರಿದೆ, ಅಂಗಡಿಯಲ್ಲಿ ಕೊಂಡದ್ದಕ್ಕೆ ಬೆಲೆ ಕೊಟ್ಟಾಗಿದೆ, ಇನ್ನು ಯಾರ ಹಂಗು? ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನ್ಯೂಫೌಂಡ್‌ಲ್ಯಾಂಡಿನ ಕರಾವಳಿ ಬದುಕಿದ್ದೇ ಕಾಡ್ ಮೀನಿನಿಂದ. ಮೀನಿನ ಸಂತತಿ ಕುಸಿದುಹೋಗಿ, 1992ರ ಜುಲೈ 2ರಂದು ಕೆನಡಾ ಸರ್ಕಾರ ಅದನ್ನು ಹಿಡಿಯುವುದನ್ನು ನಿಷೇಧಿಸಿದಾಗ ಸುಮಾರು ಮೂವತ್ತು ಸಾವಿರ ಜನರ ಕೆಲಸ ಹೋಯಿತು. ನಿಷೇಧ ತೆರವಾಗಲು 2024ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಊರು ಬಿಟ್ಟಿದ್ದರು. ಅಂಥ ಊರಿಗೆ ಹಡಗು ಬಂದ ದಿನವೆಂದರೆ ನಾಲ್ಕು ಕಾಸು ಕಂಡ ದಿನ. ಇನ್ನೊಂದು ಕಡೆ, ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನವರು 2022ರ ನವೆಂಬರಿನಲ್ಲಿ ಮತ ಹಾಕಿ, ದಿನಕ್ಕೆ ಒಂದು ಸಾವಿರಕ್ಕಿಂತ ಹೆಚ್ಚು ಹಡಗು ಪ್ರಯಾಣಿಕರು ಇಳಿಯಕೂಡದೆಂದು ತೀರ್ಮಾನಿಸಿದರು. ವಿಷಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಹಡಗು ಬೇಕೋ ಬೇಡವೋ ಎಂಬುದನ್ನು ಆಯಾ ಊರಿನವರೇ ಹೇಳಬೇಕು. ನನ್ನ ಪ್ರಶ್ನೆ ಹಡಗಿನಿಂದ ಇಳಿದವನ ಕುರಿತದ್ದು.

ದುಡ್ಡು ಕೈ ಬದಲಾಯಿಸಿತೆಂದ ಮಾತ್ರಕ್ಕೆ ಆದರೋಪಚಾರ ಸುಳ್ಳಾಗುವುದಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗ್ರೀನ್‌ಲ್ಯಾಂಡಿನವರಲ್ಲಿ ‘ಕಾಫಿಮಿಕ್’ ಎಂಬ ಪದ್ಧತಿಯಿದೆ. ಹುಟ್ಟುಹಬ್ಬವೋ ಮಗುವಿನ ನಾಮಕರಣವೋ ಇದ್ದ ದಿನ ಮನೆಯ ಬಾಗಿಲು ತೆರೆದಿರುತ್ತದೆ. ಬಂದವರು ಹೊಸಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಾಫಿ ಕುಡಿದು, ಕೇಕು ತಿಂದು, ಮುಂದಿನವರಿಗೆ ಜಾಗ ಮಾಡಿಕೊಟ್ಟು ಹೊರಡುತ್ತಾರೆ. ನಮ್ಮ ಗೊಂಬೆ ಹಬ್ಬದ ದಿನಗಳು ನೆನಪಾಗಲಿಲ್ಲವೇ? ಈಗ ಇದನ್ನು ಪ್ರವಾಸಿಗರಿಗೂ ಏರ್ಪಾಡು ಮಾಡುತ್ತಾರೆ, ದುಡ್ಡಿಗೆ. ಕಾಕೋರ್ತೋಕ್ ಎಂಬ ಊರಿನಲ್ಲಿ ನಾವೂ ಹಾಗೆ ಒಂದು ಮನೆಗೆ ಹೋದೆವು. ಮನೆಯಾಕೆ ನನ್ನ ಶ್ರೀಮತಿ ಕುಂಟುತ್ತಿದ್ದುದನ್ನು ಕಂಡು, ತಾವು ಕೂತಿದ್ದ ಮೆತ್ತನೆಯ ಕುರ್ಚಿಯನ್ನು ಬಿಟ್ಟುಕೊಟ್ಟು, ಮಂಡಿಯ ಕೆಳಗೊಂದು ದಿಂಬನ್ನೂ ಇಟ್ಟರು. ಆ ದಿಂಬು ಟಿಕೆಟ್ಟಿನಲ್ಲಿ ಸೇರಿರಲಿಲ್ಲ. ನಾನೂ ಇಷ್ಟು ವರ್ಷ ಫೀಸು ತೆಗೆದುಕೊಂಡೇ ನಾಡಿ ಹಿಡಿದವನು. ಫೀಸು ಪಡೆದಿದ್ದೇನೆಂದು ನನ್ನ ಕಾಳಜಿ ವ್ಯಾಪಾರವಾಗಲಿಲ್ಲ. ಫೀಸು ಕೊಟ್ಟೆನೆಂದು ರೋಗಿಯ ಕೃತಜ್ಞತೆಯೂ ಅನಾವಶ್ಯಕವಾಗಲಿಲ್ಲ. ಬೆಲೆ ಎನ್ನುವುದು ಕೆಲಸಕ್ಕೆ. ಅದರ ಹಿಂದಿರುವ ಮನಸ್ಸಿಗೆ ಬೆಲೆ ಕಟ್ಟುವ ಪದ್ಧತಿ ಇನ್ನೂ ಬಂದಿಲ್ಲ.

ಆದರೆ ಋಣದ ಇನ್ನೂ ದೊಡ್ಡ ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಅದು ನನ್ನ ಕಣ್ಣಿಗೆ ಬಿದ್ದದ್ದು ವೈದ್ಯನಾದ ಕಾರಣಕ್ಕೆ. ಒಂದು ಬೆಳಿಗ್ಗೆ ನಮ್ಮ ಹಡಗಿನ ವೃದ್ಧರೊಬ್ಬರಿಗೆ ಎದೆನೋವು ಕಾಣಿಸಿಕೊಂಡು, ಅವರನ್ನು ಸ್ಟ್ರೆಚರಿನಲ್ಲಿ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಸಾಗಿಸಿದರು. ಹಡಗಿನ ಡಾಕ್ಟರು ಇ.ಸಿ.ಜಿ. ತೆಗೆಯಬಲ್ಲರು, ರಕ್ತದ ಹೆಪ್ಪು ಕರಗಿಸುವ ಔಷಧಿ ಕೊಡಬಲ್ಲರು. ಅದರಾಚೆಗೆ ರೋಗಿಯನ್ನು ಒಪ್ಪಿಸಿಕೊಳ್ಳಬೇಕಾದದ್ದು ಆ ಪುಟ್ಟ ಊರೇ. ಗ್ರೀನ್‌ಲ್ಯಾಂಡಿನಲ್ಲಿ ಒಂದು ಪಟ್ಟಣದಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ದೋಣಿ, ಇಲ್ಲವೇ ವಿಮಾನ, ಹೆಲಿಕಾಪ್ಟರ್. ದೇಶದ ದೊಡ್ಡ ಆಸ್ಪತ್ರೆ ಇರುವುದು ರಾಜಧಾನಿ ನೂಕ್‌ನಲ್ಲಿ. ಅಲ್ಲಿಯೂ ಆಗದ ಚಿಕಿತ್ಸೆಗೆ ಕೋಪನ್‌ಹೇಗನ್ನಿಗೆ ಹಾರಬೇಕು. ಸಾವಿರ ಜನರ ಊರಿಗೆಂದು ಇಟ್ಟ ನರ್ಸು, ಆಮ್ಲಜನಕ, ಹೆಲಿಕಾಪ್ಟರಿನ ಸೀಟು, ಎಲ್ಲವೂ ಅಂದು ನಮ್ಮವರೊಬ್ಬರಿಗಾಗಿ ದುಡಿದವು. ಅದೇ ಹೊತ್ತಿಗೆ ಊರಿನ ಗರ್ಭಿಣಿಯೊಬ್ಬಳಿಗೆ ಅವು ಬೇಕಾಗಿದ್ದರೆ? ವಿಮೆಯ ಕಂಪನಿ ಬಿಲ್ಲು ಕಟ್ಟುತ್ತದೆ ನಿಜ. ಆದರೆ ವರ್ಷವಿಡೀ ಸಿದ್ಧವಾಗಿ ನಿಂತದ್ದಕ್ಕೆ ಯಾವ ಬಿಲ್ಲಿನಲ್ಲೂ ಸಾಲಿಲ್ಲ. 2019ರ ಮಾರ್ಚ್ 23ರಂದು ನಾರ್ವೆಯ ತೀರದಲ್ಲಿ ‘ವೈಕಿಂಗ್ ಸ್ಕೈ’ ಎಂಬ ಹಡಗಿನ ಎಂಜಿನುಗಳು ಬಿರುಗಾಳಿಯ ನಡುವೆ ನಿಂತುಹೋದಾಗ ಅದರಲ್ಲಿ 1,373 ಜನರಿದ್ದರು. 479 ಮಂದಿಯನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ತಂದಾಗ ಆಸರೆ ಕೊಟ್ಟದ್ದು ಸುತ್ತಲಿನ ಸಣ್ಣ ಊರುಗಳೇ.

ಹಡಗು ಊರಿಗೆ ದುಡ್ಡನ್ನಷ್ಟೇ ತರುವುದಿಲ್ಲ ಎಂಬುದಕ್ಕೂ ಆ ಸಮುದ್ರದಲ್ಲಿ ಸಾಕ್ಷಿಯಿದೆ. ಲ್ಯಾಬ್ರಡಾರ್ ತೀರದ ಇನ್ಯೂಟ್ ಜನರ ಊರು ಓಕಾಕ್. 1918ರಲ್ಲಿ ಕ್ರೈಸ್ತ ಮಿಷನ್ನಿನ ‘ಹಾರ್ಮನಿ’ ಎಂಬ ಹಡಗು ಎಂದಿನಂತೆ ಸಾಮಾನು ಸರಂಜಾಮು ಇಳಿಸಿ ಹೋಯಿತು. ಅದರ ಜೊತೆಗೆ ಇನ್‌ಫ್ಲುಯೆಂಜಾ ಕೂಡ ಇಳಿದಿತ್ತು. ಓಕಾಕ್‌ನ 263 ಜನರಲ್ಲಿ 204 ಜನ ಸತ್ತರು. ಉಳಿದವರು ಊರನ್ನೇ ಬಿಟ್ಟರು. ಹಡಗಿನವರು ಕೆಟ್ಟವರಲ್ಲ, ಉಪಕಾರಕ್ಕೆಂದೇ ಬಂದವರು. ಸಣ್ಣ ಊರಿಗೆ ಹೋಗುವವನು ಒಳ್ಳೆಯ ಮನಸ್ಸಿದ್ದರೆ ಸಾಕು ಎಂದುಕೊಳ್ಳುವಂತಿಲ್ಲ. ತನ್ನ ಜೊತೆ ಏನನ್ನು ಹೊತ್ತು ತಂದಿದ್ದೇನೆ ಎಂದೂ ನೋಡಿಕೊಳ್ಳಬೇಕು.

ಹಾಗಾದರೆ ಋಣ ತೀರಿಸುವುದು ಹೇಗೆ? ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ತೀರದ ಸೇಂಟ್ ಲಾರೆನ್ಸ್ ಎಂಬ ಊರಿನ ಕಥೆಯಲ್ಲಿ ನನಗೆ ಉತ್ತರದ ಒಂದು ಎಳೆ ಸಿಕ್ಕಿತು. 1942ರ ಫೆಬ್ರವರಿ 18ರಂದು ಅಮೆರಿಕದ ನೌಕಾಪಡೆಯ ‘ಟ್ರಕ್ಸ್‌ಟನ್’ ಮತ್ತು ‘ಪೋಲಕ್ಸ್’ ಹಡಗುಗಳು ಚಳಿಗಾಲದ ಬಿರುಗಾಳಿಯಲ್ಲಿ ಆ ತೀರದ ಬಂಡೆಗಳಿಗೆ ಬಡಿದು ಒಡೆದವು. 203 ನಾವಿಕರು ಸತ್ತರು. 186 ಜನರನ್ನು ಆಸುಪಾಸಿನ ಊರುಗಳವರು ಉಳಿಸಿದರು. ಗಣಿ ಕಾರ್ಮಿಕರು ಕೆಲಸ ಬಿಟ್ಟು ಓಡಿಬಂದು, ಹಿಮಗಟ್ಟಿದ ಕಡಿಬಂಡೆಯಿಂದ ಹಗ್ಗ ಇಳಿಬಿಟ್ಟು ನಾವಿಕರನ್ನು ಎಳೆದುಕೊಂಡರು. ಹೆಂಗಸರು ಅವರ ಮೈಗೆ ಮೆತ್ತಿದ್ದ ಹಡಗಿನ ಎಣ್ಣೆಯನ್ನು ತೊಳೆದರು. ಲೇನಿಯರ್ ಫಿಲಿಪ್ಸ್ ಎಂಬ ಕರಿಯ ತರುಣನ ಮೈಯನ್ನು ಎಷ್ಟು ಉಜ್ಜಿದರೂ ಬಣ್ಣ ಹೋಗದೆ ಅವರು ಕಂಗಾಲಾದರಂತೆ. ಅದು ತನ್ನ ಮೈಬಣ್ಣವೇ ಎಂದು ಆತ ಹೇಳಿದ ಮೇಲೂ ಉಪಚಾರದಲ್ಲಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಜಾರ್ಜಿಯಾದ ವರ್ಣಭೇದದಲ್ಲಿ ಬೆಳೆದು, ನೌಕಾಪಡೆಯಲ್ಲಿ ಅಧಿಕಾರಿಗಳಿಗೆ ಊಟ ಬಡಿಸುವ ಕೆಲಸದಲ್ಲಿದ್ದ ಫಿಲಿಪ್ಸ್ ಮುಂದೆ ನೌಕಾಪಡೆಯ ಮೊದಲ ಕರಿಯ ಸೋನಾರ್ ತಂತ್ರಜ್ಞರಾದರು, ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ನಡೆದರು. ತನ್ನ ಬದುಕು ತಿರುಗಿದ್ದು ಆ ಊರಿನಲ್ಲೇ ಎಂದು 2012ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತಿದ್ದರು. ಅವರು ನಿಜವಾದ ಅತಿಥಿ, ತಿಥಿ ನೋಡದೆ ಬಂದವರು.

ಕಥೆಯ ಉಳಿದರ್ಧ ವೈದ್ಯರಿಗೆ ಗೊತ್ತು. ಸೇಂಟ್ ಲಾರೆನ್ಸ್‌ನವರು ಅಗೆಯುತ್ತಿದ್ದುದು ಫ್ಲೋರ್‌ಸ್ಪಾರ್, ಅಲ್ಯೂಮಿನಿಯಂ ತಯಾರಿಕೆಗೆ ಬೇಕಾದ ಖನಿಜ. ಗಣಿಯೊಳಗೆ ಜಿನುಗುತ್ತಿದ್ದ ನೀರಿನ ಜೊತೆ ರೇಡಾನ್ ಎಂಬ ವಿಕಿರಣಶೀಲ ಅನಿಲ ಬರುತ್ತಿತ್ತು. ಅನೇಕರು ಶ್ವಾಸಕೋಶದ ಕ್ಯಾನ್ಸರಿಗೆ, ಸಿಲಿಕೋಸಿಸ್‌ಗೆ ಬಲಿಯಾದರು. ಬೇರೆಯವರ ಮಕ್ಕಳನ್ನು ಸಾವಿನಿಂದ ಎಳೆದುಕೊಂಡವರ ಎದೆಯೊಳಗೇ ಸಾವು ಕೂತಿತ್ತು. 1954ರಲ್ಲಿ ಅಮೆರಿಕ ಕೃತಜ್ಞತೆಯಿಂದ ಆ ಊರಿಗೊಂದು ಆಸ್ಪತ್ರೆ ಕಟ್ಟಿಸಿಕೊಟ್ಟಿತು. ಅದರಿಂದ ಋಣ ತೀರಿತೇ? ಒಂದು ಜೀವಕ್ಕೆ ಎಷ್ಟು ಹಾಸಿಗೆ ಸಮ ಎಂದು ಯಾರು ಲೆಕ್ಕ ಹಾಕಬಲ್ಲರು? ಆದರೆ ಅವರು ಕೊಟ್ಟದ್ದರ ಬಗೆ ಸರಿಯಾಗಿತ್ತು. ಅತಿಥಿ ಹೋದ ಮೇಲೂ ಊರಿನಲ್ಲಿ ಉಳಿಯುವಂಥದ್ದು, ಊರಿನವರ ಕಷ್ಟಕ್ಕೆ ಒದಗುವಂಥದ್ದು. ಅಂದರೆ ಅವರು ಋಣವನ್ನು ತೀರಿಸಲಿಲ್ಲ, ಒಪ್ಪಿಕೊಂಡರು.

ನಾವು ಆಸ್ಪತ್ರೆ ಕಟ್ಟಿಸಲಾರೆವು. ಆದರೆ ಒಪ್ಪಿಕೊಳ್ಳುವ ಸಣ್ಣ ದಾರಿಗಳಿವೆ. ಕೆಮ್ಮು ಜ್ವರವಿದ್ದ ದಿನ ಎಷ್ಟೇ ದುಡ್ಡು ಕೊಟ್ಟಿರಲಿ, ಹಡಗಿನಲ್ಲೇ ಉಳಿಯುವುದು. ಇರುವ ಕಾಯಿಲೆಯನ್ನು ಮುಚ್ಚಿಡದೆ, ನಮ್ಮ ಡಾಕ್ಟರು ಬೇಡವೆಂದರೆ ಹೊರಡದಿರುವುದು. ‘ಏನೂ ಆಗೋಲ್ಲ ಬಿಡಿ ಡಾಕ್ಟ್ರೇ, ಒಂದು ಸರ್ಟಿಫಿಕೇಟು ಕೊಡಿ’ ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಅಂಥ ಧೈರ್ಯದ ಖರ್ಚು ಬೀಳುವುದು ಬೇರೆ ಯಾರದೋ ಹೆಲಿಕಾಪ್ಟರಿನ ಮೇಲೆ. ಬಂದರಿನ ಬಾಯಲ್ಲೇ ಇರುವ ಒಡವೆ ಅಂಗಡಿಯ ಬದಲು ಊರಿನವರೇ ಹೆಣೆದ ಉಣ್ಣೆಯ ಕೈಗವಸು ಕೊಳ್ಳುವುದು, ಫೋಟೋ ತೆಗೆಯುವ ಮೊದಲು ಕೇಳುವುದು. ಊರಿನವರು ಇಷ್ಟೇ ಜನ ಬನ್ನಿ ಎಂದಾಗ ಮುನಿಸಿಕೊಳ್ಳದಿರುವುದು.

ಈ ಲೆಕ್ಕ ಹಡಗಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ನೀವು ಆಗಲೇ ಊಹಿಸಿರಬಹುದು. ಊರಿನಲ್ಲಿರುವ ನಮ್ಮ ತಂದೆತಾಯಿಯರ ಪಾಲಿಗೆ ನಾವೂ ವರ್ಷಕ್ಕೊಮ್ಮೆ ಮೂರು ವಾರ ಲಂಗರು ಹಾಕಿ ಹೊರಡುವ ಹಡಗೇ ಅಲ್ಲವೇ? ಮೈಸೂರಿನಲ್ಲಿ ನನ್ನ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದ ರಾತ್ರಿ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವರು ಪಕ್ಕದ ಮನೆಯ ಮೇಷ್ಟ್ರು. ಬೆಳಗಿನವರೆಗೂ ಬೆಂಚಿನ ಮೇಲೆ ಕೂತಿದ್ದವರೂ ಅವರೇ. ಆಸ್ಪತ್ರೆಯ ಬಿಲ್ಲನ್ನು ನಾನು ಇಲ್ಲಿಂದಲೇ ಕಟ್ಟಿದೆ. ಬಿಲ್ಲಿನಲ್ಲಿ ಹಾಸಿಗೆ, ಎಕ್ಸ್‌ರೇ, ಪ್ಲಾಸ್ಟರು ಎಲ್ಲಕ್ಕೂ ಒಂದೊಂದು ಸಾಲಿತ್ತು. ಆ ಬೆಂಚಿಗೆ ಇರಲಿಲ್ಲ.

ದುಡ್ಡಿನ ಗುಣವೆಂದರೆ ಅದು ಲೆಕ್ಕವನ್ನು ಮುಗಿಸುತ್ತದೆ. ಋಣದ ಗುಣವೆಂದರೆ ಅದು ಸಂಬಂಧವನ್ನು ಮುಗಿಯಗೊಡುವುದಿಲ್ಲ. ಯಾರ ಹಂಗೂ ಇಲ್ಲದೆ ಬದುಕಬೇಕೆಂಬ ಹಟದಿಂದ ಈ ದೇಶಕ್ಕೆ ಬಂದವರು ನಾವು. ಆ ಹಟಕ್ಕೆ ಬೆಲೆಯಿದೆ. ಆದರೆ ನಮಗೆ ಗೊತ್ತೇ ಇಲ್ಲದ ಯಾರೋ, ನಮಗೆ ಬೇಕಾದಾಗ ಒದಗಲೆಂದು ದೀಪ ಉರಿಸಿಕೊಂಡು ಎದ್ದಿರುತ್ತಾರೆ ಎಂಬುದು ಗೊತ್ತಾದ ಮೇಲೂ ‘ಹಂಗಿಲ್ಲ’ ಎನ್ನುವುದು ಸ್ವಾಭಿಮಾನವಲ್ಲ, ಮರೆವು. ನನಗೆ ಹಾಗೆ ತೋರುತ್ತದೆ. ನೀವೇನಂತೀರಿ?