ಸತ್ತ ಒತ್ತೆ

‘ಮಾರ್ಟ್‌ಗೇಜ್’ ಎಂಬ ಪದದೊಳಗೆ ಒಂದು ಸಾವಿದೆ. ಹಳೆಯ ಫ್ರೆಂಚಿನಲ್ಲಿ ‘ಮೋರ್’ ಎಂದರೆ ಸತ್ತದ್ದು, ‘ಗಾಜ್’ ಎಂದರೆ ಒತ್ತೆ. ಸತ್ತದ್ದು ಯಾವುದು ಎಂಬುದೇ ತಕರಾರು.

1628ರಲ್ಲಿ ಎಡ್ವರ್ಡ್ ಕೋಕ್ ಎಂಬ ಇಂಗ್ಲಿಷ್ ನ್ಯಾಯವೇತ್ತ ಕೊಟ್ಟ ವಿವರಣೆ ಪ್ರಸಿದ್ಧ. ಸಾಲ ತೀರಿಸದಿದ್ದರೆ ಜಮೀನು ಸಾಲಗಾರನ ಪಾಲಿಗೆ ಸತ್ತಿತು. ತೀರಿಸಿದರೆ ಒತ್ತೆ ಧಣಿಯ ಪಾಲಿಗೆ ಸತ್ತಿತು. ಇಬ್ಬರಿಗೂ ಸಾವನ್ನು ಸಮವಾಗಿ ಹಂಚುವ ಈ ಅಚ್ಚುಕಟ್ಟುತನವೇ ನನಗೆ ಅನುಮಾನ.

ಏಕೆಂದರೆ ಅದಕ್ಕೂ ನಾನೂರು ವರ್ಷ ಹಿಂದೆ, 1180ರ ದಶಕದಲ್ಲಿ, ಗ್ಲಾನ್‌ವಿಲ್‌ನ ಹೆಸರಿನಲ್ಲಿರುವ ಕಾನೂನು ಗ್ರಂಥ ಬೇರೆಯದನ್ನೇ ಹೇಳಿತ್ತು. ಒತ್ತೆಯಿಟ್ಟ ಹೊಲದ ಫಸಲು ಸಾಲಕ್ಕೆ ಜಮೆಯಾಗದೆ ಹೋದರೆ ಅದು ಸತ್ತ ಒತ್ತೆ. ಧಣಿ ವರ್ಷವರ್ಷವೂ ಉಣ್ಣುತ್ತಾನೆ, ಅಸಲು ಒಂದು ಕಾಸೂ ಕರಗುವುದಿಲ್ಲ. ಇಂಥ ಒತ್ತೆ ಅನ್ಯಾಯ, ಬಡ್ಡಿಕೋರತನದ ಒಂದು ಬಗೆ ಎನ್ನುವ ಆ ಗ್ರಂಥ, ರಾಜನ ನ್ಯಾಯಾಲಯ ಮಾತ್ರ ಇದನ್ನು ನಿಷೇಧಿಸುವುದಿಲ್ಲ ಎಂದೂ ಹೇಳುತ್ತದೆ. ಧಣಿ ಅಂಥ ಒತ್ತೆ ಇಟ್ಟುಕೊಂಡೇ ಸತ್ತರೆ ಅವನ ಸೊತ್ತನ್ನು ಬಡ್ಡಿಕೋರನ ಸೊತ್ತಿನಂತೆ ವಿಲೇವಾರಿ ಮಾಡಬೇಕಂತೆ. ಬದುಕಿರುವಾಗ ತಡೆಯದೆ ಸತ್ತ ಮೇಲೆ ಶಿಕ್ಷಿಸುವ ಕಾನೂನಿನಿಂದ ಹೊಲ ಕಳೆದುಕೊಂಡವನಿಗೆ ಏನು ಬಂತು?

‘ಸಾಲಗಾರ ಒಪ್ಪಿಯೇ ಕೊಟ್ಟನಲ್ಲ?’ ಎನ್ನಬಹುದು. ಕೊಡಲು ಹೊಲವೊಂದನ್ನು ಬಿಟ್ಟು ಬೇರೇನೂ ಇಲ್ಲದವನ ಒಪ್ಪಿಗೆಯನ್ನು ನಾನು ಅಷ್ಟು ಗಟ್ಟಿಯೆಂದು ನಂಬಲಾರೆ.

ಇದೇ ವ್ಯವಹಾರಕ್ಕೆ ನಮ್ಮಲ್ಲಿರುವ ಹೆಸರು ‘ಭೋಗ್ಯ’. ಇಂಗ್ಲಿಷಿನದು ಸಾವಿನ ಕಡೆಯ ಪದ, ನಮ್ಮದು ಉಣ್ಣುವವನ ಕಡೆಯದು. ಆದರೆ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಒಂದು ಕುತೂಹಲದ ಮಾತಿದೆ. ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದ ಒತ್ತೆ ನಶಿಸುತ್ತದೆ. ಫಲವನ್ನು ಅನುಭವಿಸುವ ಒತ್ತೆ ಮಾತ್ರ ನಶಿಸುವುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಈ ಸ್ಮೃತಿಗೇ. ಅಂದರೆ ಗ್ಲಾನ್‌ವಿಲ್ ಸತ್ತದ್ದೆಂದು ಕರೆದದ್ದನ್ನೇ ಇಲ್ಲಿ ಸಾಯದ್ದು ಎಂದರು. ಅಸಲು ಹಿಂದಿರುಗಿಸಿದ ದಿನ ಹೊಲ ಮರಳಲೇಬೇಕು. ಆ ದಿನ ಬರುವವರೆಗಿನ ಫಸಲಿನ ಲೆಕ್ಕವನ್ನು ಮಾತ್ರ ಯಾರೂ ಕೇಳುವಂತಿಲ್ಲ.

ಬೆಂಗಳೂರಿನ ಮನೆ ಭೋಗ್ಯದಲ್ಲಿ ಪಾತ್ರಗಳು ತಲೆಕೆಳಗು. ಅಲ್ಲಿ ಲಕ್ಷಗಟ್ಟಲೆ ಹಣ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುವವನೇ ಧಣಿ, ಮನೆಯ ಮಾಲೀಕ ಸಾಲಗಾರ. ಅವಧಿ ಮುಗಿದ ಮೇಲೆ ಹಣ ವಾಪಸ್ ಬಂದೀತೇ ಎಂದು ನಿದ್ದೆಗೆಡುವವನೂ ಈ ಧಣಿಯೇ.

1882ರ ಸ್ವತ್ತು ವರ್ಗಾವಣೆ ಕಾಯಿದೆ ಎರಡಕ್ಕೂ ಜಾಗ ಕೊಟ್ಟಿದೆ. ಹುಟ್ಟುವಳಿಯನ್ನು ಬಡ್ಡಿಗೆ ಮುರಿದುಕೊಳ್ಳಬಹುದು, ಅಸಲಿಗೂ ಮುರಿದುಕೊಳ್ಳಬಹುದು. ಯಾವುದಕ್ಕೆಂದು ಪತ್ರದಲ್ಲಿ ಬರೆದುಕೊಳ್ಳಬೇಕು.