ಬಾಗಿಲು ತೆರೆದವನ ಹೊಣೆ

ಹೊರಗಿನಿಂದ ದೂರವಾಣಿ ಕರೆ ಮಾಡಿದವನು ಕಚೇರಿಯೊಳಗಿನ ಎಕ್ಸ್‌ಟೆನ್ಷನ್ನನ್ನು ನೇರವಾಗಿ ತಲುಪುವಂತಿರಬೇಕೆ? ಇದನ್ನು ಯಂತ್ರಜ್ಞರು ಬಗೆಹರಿಸಲೆಂದು ನಾವು ಸುಮ್ಮನಾಗುತ್ತೇವೆ. ಆದರೆ ಇದರಲ್ಲಿ ನೀತಿಯ ಪ್ರಶ್ನೆಯೂ ಅಡಗಿದೆ.

ಹಿಂದೆ ಕರೆಯನ್ನು ಜೋಡಿಸುತ್ತಿದ್ದವರು ಆಪರೇಟರುಗಳು. ಆ ಅಧಿಕಾರದಲ್ಲಿ ಪಕ್ಷಪಾತಕ್ಕೂ ಎಡೆಯಿತ್ತು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ಆಲ್ಮನ್ ಸ್ಟ್ರೋಜರ್, ತನಗೆ ಬರಬೇಕಾದ ಕರೆಗಳು ಪ್ರತಿಸ್ಪರ್ಧಿಯ ಪಾಲಾಗುತ್ತಿವೆಯೆಂದು ಶಂಕಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಅವನು 1891ರಲ್ಲಿ ಸ್ವಯಂಚಾಲಿತ ವಿನಿಮಯ ಯಂತ್ರಕ್ಕೆ ಪೇಟೆಂಟ್ ಪಡೆದನು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ ಅಂತಹ ಕೇಂದ್ರವು ಕಾರ್ಯಾರಂಭ ಮಾಡಿತು. ಯಂತ್ರಕ್ಕೆ ರಾಗದ್ವೇಷಗಳಿಲ್ಲವೆಂಬುದು ನಿಜ. ಹಾಗೆಯೇ ಅದಕ್ಕೆ ಕರುಣೆಯೂ ಇಲ್ಲ. ಗಾಬರಿಗೊಂಡ ದನಿಯನ್ನು ಗುರುತಿಸಿ, ಯೋಗ್ಯರಾದವರಿಗೆ ಒಪ್ಪಿಸುವ ಕೆಲಸವನ್ನು ಅದು ಮಾಡಲಾರದು.

ಈಗ ಕಚೇರಿಯ ಪ್ರತಿಯೊಂದು ಮೇಜಿಗೂ ಹೊರಗಿನ ಸಂಖ್ಯೆಯೊಂದನ್ನು ಕೊಡಬಹುದು. ದೂರವಾಣಿ ಕೇಂದ್ರವು ಆ ಸಂಖ್ಯೆಯ ಕೊನೆಯ ಕೆಲವು ಅಂಕಿಗಳನ್ನು ಕಚೇರಿಯ ಯಂತ್ರಕ್ಕೆ ತಿಳಿಸುತ್ತದೆ. ಆ ಮೇಜಿನ ಗಂಟೆ ಬಾರಿಸುತ್ತದೆ. ಇಲ್ಲವೆ ಮುದ್ರಿತ ಧ್ವನಿಯ ಸ್ವಾಗತವನ್ನು ಕೇಳಿ, ಕರೆ ಮಾಡಿದವನೇ ಎಕ್ಸ್‌ಟೆನ್ಷನ್ ಸಂಖ್ಯೆಯನ್ನು ಒತ್ತಬಹುದು. ಇವೆರಡೂ ಒಳ್ಳೆಯ ಸೌಕರ್ಯಗಳೇ. ಆದರೆ ಆ ಮೇಜಿನವನು ರಜೆಯಲ್ಲಿದ್ದರೆ ಗಂಟೆ ಬರಿದೇ ಬಾರಿಸುತ್ತಿರುತ್ತದೆ. ಆಗ ಹೊಣೆ ಯಾರದು? ಮೊದಲು ಆಪರೇಟರ್ ಹೊತ್ತಿದ್ದ ಭಾರವು ಯಾರ ಹೆಗಲಿಗೂ ಬಾರದೆ ಕಳೆದುಹೋಗುತ್ತದೆ.

ಮೂರನೆಯ ಸೌಕರ್ಯವೊಂದಿದೆ. ಹೊರಗಿನಿಂದ ಬಂದ ಕರೆಗೆ ಕಚೇರಿಯ ಒಳಗಿನ ಡಯಲ್ ಟೋನನ್ನೇ ನೀಡಿ, ಕಚೇರಿಯ ಖರ್ಚಿನಲ್ಲಿ ಮತ್ತೆ ಹೊರಗೆ ಕರೆ ಮಾಡಲು ಬಿಡುವುದು. ದೂರದಲ್ಲಿರುವ ನೌಕರನಿಗೆ ಇದು ಅನುಕೂಲ. ಆದರೆ ಸಂಕೇತಸಂಖ್ಯೆ ಸುಲಭವಾಗಿದ್ದರೆ ಮೋಸಗಾರರು ಅದನ್ನು ಊಹಿಸಿ, ವಿದೇಶಗಳಿಗೆ ಕರೆ ಮಾಡಿ ಬಿಲ್ಲನ್ನು ಸಂಸ್ಥೆಯ ತಲೆಗೆ ಕಟ್ಟುತ್ತಾರೆ. ಆ ಹಣವು ದಾನಿಗಳದೋ ವಿದ್ಯಾರ್ಥಿಗಳದೋ ಆಗಿದ್ದರೆ, ನಮ್ಮ ಅಜಾಗರೂಕತೆಯು ಪರರ ಹಾನಿಯೇ ಆಗುತ್ತದೆ.

ಆದುದರಿಂದ ಇಲ್ಲಿ ವಿವೇಚನೆ ಅಗತ್ಯ. ಅತಿಥಿಯನ್ನು ಬರಮಾಡಿಕೊಳ್ಳುವುದು ಬೇರೆ, ಅವನ ಕೈಗೆ ಕಣಜದ ಕೀಲಿ ಕೊಡುವುದು ಬೇರೆ. ಒಳಬರುವ ದನಿಗೆ ದಾರಿ ತೆರೆದಿರಲಿ. ಹೊರಹೋಗುವ ಮಾರ್ಗಕ್ಕೆ ಭದ್ರವಾದ ಬೀಗವಿರಲಿ. ನಾಲ್ಕಾರು ಗಂಟೆಗಳಾದರೂ ಯಾರೂ ಎತ್ತದ ಕರೆಯು ಮನುಷ್ಯನೊಬ್ಬನ ಬಳಿಗೆ ಮರಳುವಂತಿರಲಿ. ವಿದ್ಯಾಲಯವಾಗಲಿ, ಆಸ್ಪತ್ರೆಯಾಗಲಿ, ಟ್ರಸ್ಟಿನ ಕಚೇರಿಯಾಗಲಿ, ಒಂದು ಸಂಖ್ಯೆಯನ್ನು ಮುದ್ರಿಸಿ ಜನರಿಗೆ ಕೊಟ್ಟ ಮೇಲೆ ಅದು ಕೊಟ್ಟ ಮಾತಿಗೆ ಸಮಾನ. ಅದಕ್ಕೆ ಉತ್ತರಿಸುವವರು ಇರಲೇಬೇಕು.